ಮಾಲಂ ಹಬು ಮತ್ತು ಮುಸುಕು ಹಾಕಿದ ಪೆಟ್ಟಿಗೆ

ಕಾನೊ ಊರಿನ ಹಳೆಕೋಟೆಯೊಳಗೆ, ಬಟ್ಟೆಗೆ ನೀಲಿ ಬಣ್ಣ ಹಾಕುವ ಗುಂಡಿಗಳ ಹಿಂದಿನ ಓಣಿಯಲ್ಲಿ, ಯಾರ ಮನೆಯ ಯಂತ್ರ ಕೆಟ್ಟರೂ ಮೊದಲು ಬಾಯಿಗೆ ಬರುತ್ತಿದ್ದ ಹೆಸರು ಮಾಲಂ ಹಬುವಿನದು. ಮಾಲಂ ಎಂದರೆ ಮೇಷ್ಟ್ರು, ಆದರೆ ಅವನು ಓದಿದ್ದು ಕುರಾನ್ ಪಾಠದ ಮರದ ಹಲಗೆಯವರೆಗೆ ಮಾತ್ರ. ಹದಿನೈದನೇ ವಯಸ್ಸಿನಲ್ಲಿ ಅಪ್ಪನ ರೇಡಿಯೊ ಬಿಚ್ಚಿ ಮತ್ತೆ ಜೋಡಿಸಿದಾಗ ಎರಡು ತಿರುಪು ಮಿಕ್ಕಿದ್ದವು, ಆದರೆ ರೇಡಿಯೊ ಮೊದಲಿಗಿಂತ ಚೆನ್ನಾಗಿ ಹಾಡಿತು. ಹೊಡೆಯಬೇಕೋ ಹೊಗಳಬೇಕೋ ತಿಳಿಯದ ಅಪ್ಪ ಎರಡನ್ನೂ ಮಾಡಿದ. ಅಲ್ಲಿಂದ ಮುಂದೆ ಕಾಲ ಏನೇನು ತಂದು ಕೊಟ್ಟಿತೋ ಅದನ್ನೆಲ್ಲ ಹಬು ಬಿಚ್ಚಿ ನೋಡಿದ. ಟೇಪ್ ರೆಕಾರ್ಡರ್, ಟೀವಿ, ಕೊನೆಗೆ ಕಂಪ್ಯೂಟರ್.

ನಲವತ್ತೆರಡಕ್ಕೆ ಕಣ್ಣು ಅಂಚಿನಿಂದ ಕತ್ತಲಾಗತೊಡಗಿತು. ಕಣ್ಣೊಳಗೆ ಒತ್ತಡ ಏರಿದೆ, ಹೋದದ್ದು ಹಿಂದಕ್ಕೆ ಬರುವುದಿಲ್ಲ ಎಂದರು ಡಾಕ್ಟರು. ಎರಡು ವರ್ಷದಲ್ಲಿ ಪೂರ್ತಿ ಹೋಯಿತು. ಈ ವಿಷಯ ಅವನು ಹೇಳಿದ್ದು ಇಬ್ಬರಿಗೇ. ಒಬ್ಬಳು ಹೆಂಡತಿ ಲಾರೈ, ಇನ್ನೊಬ್ಬ ಆಟೊ ಓಡಿಸುವ ತಮ್ಮ ಸಾಂಡಾ. ಮೂರನೆಯವರ ಕಿವಿಗೆ ಬೀಳಕೂಡದು ಎಂದು ಇಬ್ಬರಿಂದಲೂ ಆಣೆ ಹಾಕಿಸಿಕೊಂಡ.

ಅವನು ಹೆದರಿದ್ದು ಕತ್ತಲಿಗಲ್ಲ. ಪ್ರತಿ ಶುಕ್ರವಾರ ದೊಡ್ಡ ಮಸೀದಿಯ ಮುಂದೆ ಕುರುಡರು ಸಾಲಾಗಿ ಕೂರುತ್ತಾರೆ. ಅವರಿಗೊಬ್ಬ ಮುಖ್ಯಸ್ಥನೂ ಇದ್ದಾನೆ. ಊರು ಅವರನ್ನು ಕೀಳಾಗಿ ಕಾಣುವುದಿಲ್ಲ, ನಮಾಜು ಮುಗಿಸಿ ಬಂದವರು ಕೈಲಾದಷ್ಟು ಕೊಟ್ಟೇ ಹೋಗುತ್ತಾರೆ. ಆ ಕೊಡುವ ಕೈಯೇ ಹಬುವಿಗೆ ಭಯ. ಕುರುಡನೆಂದು ಗೊತ್ತಾದ ದಿನ ಜನ ತನ್ನ ಕೈಗೆ ಯಂತ್ರ ಕೊಡುವುದು ಬಿಟ್ಟು ನಾಣ್ಯ ಕೊಡುತ್ತಾರೆ ಎಂದುಕೊಂಡ. ತನ್ನ ಬಾಗಿಲಕೋಣೆಯ ಚಾಪೆಯ ಮೇಲೆ ರಿಪೇರಿಯವನಾಗಿ ಕೂತಿರಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಅದಕ್ಕೆ ನಮ್ಮ ಕಾನೊ ಮನೆಗಳೇ ಅನುಕೂಲ ಮಾಡಿಕೊಟ್ಟವು. ಪರಗಂಡಸು ಬರುವುದು ಬಾಗಿಲಕೋಣೆಯವರೆಗೆ. ಅದರಾಚೆಯ ಅಂಗಳ ಹೆಂಗಸರದು, ಅಲ್ಲಿ ಏನು ನಡೆಯುತ್ತದೆಂದು ಕೇಳುವುದೂ ಮರ್ಯಾದೆಯಲ್ಲ. ಗಿರಾಕಿ ಬರುತ್ತಾನೆ, ಸಲಾಂ ಹೇಳಿ ತಾನು ಇಂಥವನು ಬಂದಿದ್ದೇನೆ ಅನ್ನುತ್ತಾನೆ, ಪೆಟ್ಟಿಗೆಯನ್ನು ಹಬುವಿನ ತೊಡೆಯ ಮುಂದೆ ಇಡುತ್ತಾನೆ. ಹಬು ಅದರ ಮೈ ಸವರಿ, ಎರಡು ಸಲ ತಟ್ಟಿ, ಕಿವಿಯಿಟ್ಟು, "ಒಳಗೆ ಬೆಳಕು ಚೆನ್ನಾಗಿದೆ, ಅಲ್ಲಿ ಬಿಚ್ತೀನಿ. ಗುರುವಾರ ಬಾ" ಅನ್ನುತ್ತಾನೆ. ಒಳಗೆ ಬಿಚ್ಚುವವಳು ಲಾರೈ.

ಅವಳಿಗೆ ಯಾರೂ ಕಲಿಸಿದ್ದಲ್ಲ. ಮದುವೆಯಾದಂದಿನಿಂದ ಗಂಡ ಕೆಲಸ ಮಾಡುವಾಗ ಪಕ್ಕದಲ್ಲಿ ಟಾರ್ಚು ಹಿಡಿದು ಕೂತವಳು ಅವಳು. ಹನ್ನೆರಡು ವರ್ಷ ಟಾರ್ಚು ಹಿಡಿದವರಿಗೆ ಗೊತ್ತಾಗದೆ ಉಳಿಯುವುದು ಏನೂ ಇರುವುದಿಲ್ಲ. ಈಗ ಕೈ ಅವಳದು, ಕಿವಿ ಅವನದು. ಫ್ಯಾನಿನ ಸದ್ದು ಕೇಳಿಯೇ ಬೇರಿಂಗ್ ಸವೆದಿದೆಯೋ, ರೆಕ್ಕೆಗೆ ದಾರ ಸಿಕ್ಕಿದೆಯೋ, ಉಸಿರು ಸಾಲದೆ ಒದ್ದಾಡುತ್ತಿದೆಯೋ ಹೇಳಿಬಿಡುತ್ತಿದ್ದ.

ಡಿಸೆಂಬರಿನಲ್ಲಿ ಮರಳುಗಾಡಿನ ಕಡೆಯಿಂದ ಹುಂಟುರು ಗಾಳಿ ಬೀಸತೊಡಗಿದರೆ ಮೂರು ತಿಂಗಳು ಊರೆಲ್ಲ ಬಿಳಿಚಿಕೊಳ್ಳುತ್ತದೆ. ತುಟಿ ಒಡೆಯುತ್ತದೆ, ಮುಚ್ಚಿಟ್ಟ ಗಂಜಿಯ ಮೇಲೂ ಹಿಟ್ಟಿನಂಥ ಧೂಳು ಕೂರುತ್ತದೆ. ಕಂಪ್ಯೂಟರುಗಳು ಸಾಯುವ ಕಾಲ ಅದು. ಮಾರ್ಕೆಟ್ಟಿನ ರಿಪೇರಿಯವರಿಗೆ ಒಂದು ಕೆಟ್ಟ ಚಾಳಿ. ಪೆಟ್ಟಿಗೆಯಲ್ಲಿ ನಾಲ್ಕು ಫ್ಯಾನಿಗೆ ಜಾಗವಿದ್ದರೆ ನಾಲ್ಕನ್ನೂ ಗಾಳಿ ಹೊರಹಾಕುವಂತೆ ಕೂರಿಸುತ್ತಾರೆ. ಗಿರಾಕಿ ಹಿಂದೆ ಕೈಯಿಟ್ಟರೆ ಗಾಳಿ ಭರ್ರೆಂದು ಬಡಿಯಬೇಕು, ಕೊಟ್ಟ ದುಡ್ಡು ದಕ್ಕಿತು ಅನ್ನಿಸಬೇಕು. ಹೋದಷ್ಟು ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕಲ್ಲ? ದಾರಿ ಕೊಡದಿದ್ದರೆ ಅದು ಸಂದುಗೊಂದಿಯಲ್ಲಿ ಕಳ್ಳನ ಹಾಗೆ ನುಗ್ಗುತ್ತದೆ, ಬರುವಾಗ ಧೂಳನ್ನೂ ಹೊತ್ತು ತರುತ್ತದೆ. ಹಬುವೂ ಬಹಳ ವರ್ಷ ಹಾಗೆಯೇ ಕೂರಿಸಿದವನು, ಸುಳ್ಳೇಕೆ.

ಅದು ತಪ್ಪೆಂದು ತಿಳಿದದ್ದು ಧೂಪದಿಂದ. ಯಾರದೋ ಮನೆಯ ನಾಮಕರಣಕ್ಕೆ ಹೊರಟ ಲಾರೈ ಕೆಂಡದ ಕುಡಿಕೆಗೆ ಧೂಪದ ಚೂರು ಹಾಕಿ, ಅದರ ಮೇಲೆ ಕಾಲಗಲಿಸಿ ನಿಂತು, ಬಟ್ಟೆಗೆ ಪರಿಮಳ ಹಿಡಿಸುತ್ತಿದ್ದಳು. ಅಂಗಳದಲ್ಲಿ ಕೂತ ಹಬುವಿನ ಮೂಗಿಗೆ ಅದು ಬಡಿಯಿತು.

"ಹೊಗೆ ಎಲ್ಲಿಂದ ಹೊರಗೆ ಬರ್ತಿದೆ?" ಅಂದ.

"ಕತ್ತಿನ ಹತ್ರದಿಂದ. ಇನ್ನೆಲ್ಲಿಂದ ಬರ್ಬೇಕಿತ್ತು?"

"ಕತ್ತು ಬಿಗಿ ಹಿಡ್ಕೋ ನೋಡಣ."

ಅವಳು ಹಿಡಿದುಕೊಂಡಳು. "ಈಗ ತೋಳಿಂದ, ಸೊಂಟದಿಂದ, ಹೊಲಿಗೆ ಬಿಟ್ಟಿರೋ ಕಡೆಯಿಂದೆಲ್ಲ ಸೋರ್ತಿದೆ. ಯಾಕೆ ಮಾಲಂ, ನನ್ನನ್ನೂ ರಿಪೇರಿ ಮಾಡ್ತೀರಾ?"

"ಸೋರೋದು ಹೊರಕ್ಕೇ ತಾನೇ? ಒಳಕ್ಕೆ ಏನೂ ಹೋಗ್ತಿಲ್ವಲ್ಲ?"

ಪೆಟ್ಟಿಗೆಯೊಳಗೂ ಹೀಗೆಯೇ ಗಾಳಿ ತುಂಬಿದರೆ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವಳು ನಾಮಕರಣಕ್ಕೆ ತಡವಾಗಿ ಹೋದಳು. ಮರುದಿನ ಒಂದು ಪೆಟ್ಟಿಗೆಯ ಮುಂದಿನ ಎರಡು ಫ್ಯಾನನ್ನು ತಿರುಗಿಸಿ ಗಾಳಿ ಒಳಗೆಳೆಯುವಂತೆ ಕೂರಿಸಿದಳು. ಹಿಂದೆ ಹೊರತಳ್ಳುವುದು ಒಂದೇ. ನಾಲ್ಕನೆಯದರ ತೂತಿಗೆ ಟೇಪು ಹಚ್ಚಿದಳು. ಮುಂದಿನ ಎರಡಕ್ಕೂ ತನ್ನ ಹಳೆಯ ಮುಸುಕಿನ ತೆಳು ಬಟ್ಟೆ ಬಿಗಿದಳು. ಆಮೇಲೆ ಧೂಪದ ಕುಡಿಕೆಯನ್ನು ಸಂದಿಸಂದಿಯ ಹತ್ತಿರ ಹಿಡಿದು ನೋಡಿದರೆ ಹೊಗೆ ಒಳಗೆ ಹೋಗದೆ ಆಚೆ ಓಡಿತು. ಒಳಗೆ ಬರುವುದು ಹೊರಗೆ ಹೋಗುವುದಕ್ಕಿಂತ ಒಂದು ಹಿಡಿ ಜಾಸ್ತಿ ಇರಬೇಕು, ಅಷ್ಟೇ ಗುಟ್ಟು. ಆ ವರ್ಷದ ಹುಂಟುರಿನಲ್ಲಿ ಓಣಿಯ ಯಾವ ಕಂಪ್ಯೂಟರೂ ಸಾಯಲಿಲ್ಲ. ಮಾಲಂ ಹಬುವಿನ ಕೈಗುಣ ಎಂದರು ಜನ. ಹಬು ಟೋಪಿ ಸರಿಮಾಡಿಕೊಂಡ.

ಆ ಹೆಸರು ಕೇಳಿಯೇ ಟಾಂಕೊ ಬಂದದ್ದು. ಕೋಟೆ ಬಾಗಿಲಿನಾಚೆ ಅವನದು ಹೌಸಾ ಸಿನಿಮಾಗಳ ಚಿತ್ರ ಜೋಡಿಸುವ, ದನಿ ಸೇರಿಸುವ ಸ್ಟುಡಿಯೊ. ಐದು ಯಂತ್ರಗಳು, ಐದೂ ಹಬುವಿನ ಕೈಗೆ ಬಂದವು. ಮನೆಯ ಒಲೆ ಹೆಚ್ಚುಕಡಿಮೆ ಅವುಗಳ ಮೇಲೆಯೇ ಉರಿಯುತ್ತಿತ್ತು. ಟಾಂಕೊ ಜಾರಿಯಾ ಊರಿನವನು. ಕಾನೊದವರಿಗೂ ಜಾರಿಯಾದವರಿಗೂ ಅಜ್ಜಂದಿರ ಕಾಲದಿಂದ ತಮಾಷೆಯ ನಂಟು. ಎದುರಾದಲ್ಲೆಲ್ಲ ಒಬ್ಬರನ್ನೊಬ್ಬರು ನಮ್ಮ ಮನೆ ಆಳು ಅನ್ನಬೇಕು, ತಟ್ಟೆಯಿಂದ ಮಾಂಸದ ತುಂಡು ಕಿತ್ತುಕೊಳ್ಳಬೇಕು, ಯಾರೂ ಕೋಪಿಸಿಕೊಳ್ಳಕೂಡದು. ಕೋಪಿಸಿಕೊಂಡವನೇ ಸೋತ.

ಈ ವರ್ಷದ ಹುಂಟುರು ಶುರುವಾಗಿ ಹತ್ತು ದಿನಕ್ಕೆ ಟಾಂಕೊನ ದೊಡ್ಡ ಯಂತ್ರ ಕೆಲಸದ ನಡುವೆ ತಟ್ಟನೆ ಆರತೊಡಗಿತು. ಸಾಂಡಾ ಅದನ್ನು ಆಟೊದಲ್ಲಿ ಹೊತ್ತು ತಂದ. ಲಾರೈ ಬಿಚ್ಚಿದಳು, ಧೂಳು ಊದಿದಳು, ಹೊಸ ಬಟ್ಟೆ ಬಿಗಿದಳು. ಅಂಗಳದಲ್ಲಿ ಬೆಳಗಿನಿಂದ ಸಂಜೆಮುಂದಿನ ಅಸರ್ ನಮಾಜಿನವರೆಗೆ ಓಡಿಸಿದರೂ ಒಮ್ಮೆಯೂ ಆರಲಿಲ್ಲ.

ಮೈದುನನಿಗೆ ಹೇಳಿದಳು, "ಲೋ, ಗಾಳಿ ಈ ಸಲ ಜೋರಿದೆ. ಬಟ್ಟೆ ವಾರಕ್ಕೇ ಕಟ್ಕೊಳುತ್ತೆ. ಪ್ರತಿ ಶುಕ್ರವಾರ ಬಿಚ್ಚಿ ತೊಳೀಬೇಕು ಅಂತ ಟಾಂಕೊಗೆ ಹೇಳು. ಮರೀಬೇಡ."

"ಮರೆಯೋಕೆ ನಾನೇನು ನಿನ್ನ ಗಂಡನಾ ಅತ್ತಿಗೆ?" ಅಂದ ಸಾಂಡಾ.

"ಆಗೋ ಯೋಗ್ಯತೆ ಇದ್ದಿದ್ರೆ ಆಟೊ ಯಾಕೆ ಓಡಿಸ್ತಿದ್ದೆ, ನಡಿ ನಡಿ."

ಸಾಂಡಾ ಮರೆಯಲಿಲ್ಲ, ಹೇಳಿದ. ಆದರೆ ಹೇಳಿದವನು ಕಾನೊದವನು, ಕೇಳಿದವನು ಜಾರಿಯಾದವನು. ನಮ್ಮಲ್ಲಿ ಈ ಇಬ್ಬರ ನಡುವೆ ಗಂಭೀರ ಮಾತು ಹಾದುಹೋಗಲು ದಾರಿಯೇ ಇಲ್ಲ. ನಡೆದದ್ದನ್ನು ಸಾಂಡಾ ಮನೆಗೆ ಬಂದು ಹೇಳಿದ್ದೂ ನಗುತ್ತಲೇ.

"ಅತ್ತಿಗೆ, 'ಲೇ ಆಳೇ, ನಿನ್ನ ಪೆಟ್ಟಿಗೆ ಮುಸುಕನ್ನ ಶುಕ್ರವಾರ ಶುಕ್ರವಾರ ತೊಳಿ' ಅಂದೆ. ಅದಕ್ಕವನು, 'ನಮ್ಮ ಜಾರಿಯಾ ಹೆಂಗಸ್ರ ಮುಸುಕು ಕೊಳೆ ಆಗೋದೇ ಇಲ್ಲ, ನಿಮ್ಮ ಕಾನೊದವ್ರದ್ದು ತೊಳಿ ಹೋಗು' ಅಂದ. ಸ್ಟುಡಿಯೊ ಪೂರ್ತಿ ಬಿದ್ದು ಬಿದ್ದು ನಕ್ಕಿತು."

"ತೊಳೀತಾನಂತಾ?" ಅಂದಳು ಲಾರೈ.

"ತೊಳೀದೆ ಏನ್ಮಾಡ್ತಾನೆ, ನಮ್ಮ ಆಳಲ್ವಾ ಅವನು!"

ಎಂಟೇ ದಿನಕ್ಕೆ ಯಂತ್ರ ಮತ್ತೆ ಬಂತು. ಮತ್ತೆ ಊದಿ, ಮತ್ತೆ ಬಿಗಿದು, ಮತ್ತೆ ಹೇಳಿಕಳಿಸಿದಳು. ಮತ್ತೆ ಸ್ಟುಡಿಯೊ ನಕ್ಕಿತು. ಮೂರನೆಯ ಸಲ ಪೆಟ್ಟಿಗೆ ಬರಲಿಲ್ಲ, ಮಾತು ಬಂತು. ಹಬ್ಬಕ್ಕೆ ಬಿಡುಗಡೆಯಾಗಬೇಕಾದ ಚಿತ್ರ ಅರ್ಧಕ್ಕೇ ನಿಂತಿದೆ, ಭಾನುವಾರ ಐದೂ ಯಂತ್ರಗಳನ್ನು ಮಾರ್ಕೆಟ್ಟಿಗೆ ಒಯ್ಯುತ್ತೇನೆ, ಮಾಲಂ ಬೇಜಾರು ಮಾಡಿಕೊಳ್ಳಬಾರದು ಎಂದಿದ್ದ ಟಾಂಕೊ. ಈ ಸಲ ಆಳು ಗೀಳು ಎಂಬ ಮಾತಿರಲಿಲ್ಲ.

"ಕುಣಿಯೋಕೆ ಬಾರ್ದೋಳು ನೆಲ ಡೊಂಕು ಅಂದ್ಲಂತೆ. ಅವನ ಸ್ಟುಡಿಯೊದಲ್ಲೇ ಏನೋ ಐಬು ಇರ್ಬೇಕು ಬಿಡಣ್ಣ," ಅಂದ ಸಾಂಡಾ.

ಹಬು ನಗಲಿಲ್ಲ. ಅವನ ಮುಂದಿದ್ದ ಗಂಜಿ ಆರಿತು. ಟಾಂಕೊಗೆ ಗೊತ್ತಾಗಿಬಿಟ್ಟಿದೆ ಎಂದೇ ಅವನಿಗೆ ಅನ್ನಿಸಿತು. ಮೂರು ಸಲ ಕೆಟ್ಟ ಯಂತ್ರ, ಕಣ್ಣಿಲ್ಲದವನ ರಿಪೇರಿ. ಇವತ್ತು ಟಾಂಕೊ, ನಾಳೆ ಓಣಿ, ನಾಡಿದ್ದು ಶುಕ್ರವಾರದ ಸಾಲಿನಲ್ಲಿ ತನಗೊಂದು ಜಾಗ.

"ನಾನೇ ಹೋಗಿ ನೋಡ್ಬೇಕು ಮಾಲಂ," ಅಂದಳು ಲಾರೈ. "ಅದು ಕೂತಿರೋ ಜಾಗ ನೋಡ್ದೆ ನಾನಿಲ್ಲಿಂದ ಎಷ್ಟು ಬಿಗಿದ್ರೂ ಅಷ್ಟೆ. ಅಪ್ಪಣೆ ಕೊಡಿ. ಸಾಂಡಾ ಜೊತೆ ಹೋಗಿ ಬರ್ತೀನಿ."

"ಸಿನಿಮಾದವ್ರ ಮಧ್ಯೆ ನೀನೊಬ್ಳು ಹೋಗಿ ಪೆಟ್ಟಿಗೆ ಬಿಚ್ಚಿದ್ರೆ, ಮಾಲಂ ಯಾಕೆ ಬರ್ಲಿಲ್ಲ ಅಂತ ಕೇಳಲ್ವಾ?"

"ಹಾಗಾದ್ರೆ ನೀವೂ ಬನ್ನಿ."

ಅದು ಅಷ್ಟು ಸುಲಭದ ಮಾತಾಗಿರಲಿಲ್ಲ. ಮನೆಯಿಂದ ಓಣಿಯ ಮಸೀದಿಗೆ ಅರವತ್ಮೂರು ಹೆಜ್ಜೆ. ಅದನ್ನು ಅವನು ಕಣ್ಣಿದ್ದವರಂತೆ, ಕೈ ಬೀಸಿಕೊಂಡು, ಎದುರಾದವರಿಗೆ ಸಲಾಂ ಹೇಳಿಕೊಂಡು ನಡೆಯುತ್ತಿದ್ದ. ಅದರಾಚೆ ಏಳು ವರ್ಷದಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಸ್ಟುಡಿಯೊಗೆ ಹೋಗಬೇಕಾದರೆ ಇನ್ನೊಬ್ಬರ ಹೆಗಲ ಮೇಲೆ ಕೈಯಿಡಬೇಕು. ಕಾನೊದಲ್ಲಿ ಹೆಗಲ ಮೇಲೆ ಕೈಯಿಟ್ಟು ನಡೆಯುವವರು ಯಾರೆಂದು ಮಗುವಿಗೂ ಗೊತ್ತು.

ಎರಡು ದಿನ ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಶನಿವಾರ ಮಧ್ಯಾಹ್ನದ ನಮಾಜು ಮುಗಿಸಿ ಬಂದವನೇ ಇಸ್ತ್ರಿ ಮಾಡಿದ ನಿಲುವಂಗಿ ಕೇಳಿದ, ಕಸೂತಿಯ ಟೋಪಿ ಕೇಳಿದ. "ಧೂಪದ ಕುಡಿಕೆ ತಗೋ," ಅಂದ. ಸಾಂಡಾ ಕೋಟೆ ಬಾಗಿಲವರೆಗೆ ಆಟೊದಲ್ಲಿ ಬಿಟ್ಟ. ಅಲ್ಲಿಂದಾಚೆ ರಸ್ತೆ ಅಗೆದಿದ್ದರು, ನಡೆಯಲೇಬೇಕಾಯಿತು. ಮುಸುಕು ಹೊದ್ದ ಲಾರೈ ಮುಂದೆ, ಅವಳ ಹೆಗಲ ಮೇಲೆ ಕೈಯಿಟ್ಟ ಹಬು ಹಿಂದೆ. ದಾರಿಯುದ್ದಕ್ಕೂ ಯಾರು ನಾಣ್ಯ ತುರುಕುತ್ತಾರೋ ಎಂದು ಇನ್ನೊಂದು ಕೈಯನ್ನು ಮುಷ್ಟಿ ಕಟ್ಟಿಕೊಂಡೇ ಇದ್ದ. ಯಾರೂ ತುರುಕಲಿಲ್ಲ.

ಸ್ಟುಡಿಯೊದಲ್ಲಿ ಆರೇಳು ಜನರಿದ್ದರು. ಟಾಂಕೊ ಕೋಲಾಕಾಯಿ ಜಗಿಯುತ್ತಿದ್ದವನು ಎದ್ದು ನಿಂತು, ಚಾಪೆ ಹಾಸಿಸಿ, ನೀರು ತರಿಸಿದ. ಹೆಂಗಸೊಬ್ಬಳು ಕೆಂಡದ ಕುಡಿಕೆ ಹಿಡಿದು ಬಂದದ್ದನ್ನು ನೋಡಿ ಮೂಲೆಯಲ್ಲಿ ಯಾರೋ, "ಏನಪ್ಪಾ ಇದು, ಯಂತ್ರಕ್ಕೆ ದೆವ್ವ ಬಿಡಿಸ್ತಾರಾ?" ಅಂದರು. ಟಾಂಕೊ ಅವರನ್ನು ಗದರಿದ.

"ಓಡ್ಸಿ ಅದನ್ನ," ಅಂದ ಹಬು. ಪೆಟ್ಟಿಗೆಯ ಮೈಗೆ ಕಿವಿಯಿಟ್ಟ. "ಮುಂದಿನವು ಎರಡಕ್ಕೂ ಉಸಿರು ಕಟ್ಟಿದೆ. ಹಿಂದಿಂದು ಒಂದೇ ಬಾಯಿ ಬಡ್ಕೊಳ್ತಾ ಇದೆ."

ಲಾರೈ ಕುಡಿಕೆಯನ್ನು ಪಕ್ಕದ ಹಲಗೆಯ ಸಂದಿಗೆ ಹಿಡಿದಳು. ಹೊಗೆ ಸೊರ್ರನೆ ಒಳಗೆ ಹೋಯಿತು. ಕೆಳಗಿನ ಸಂದಿಗೆ ಹಿಡಿದಳು, ಅಲ್ಲೂ ಒಳಗೇ. ಆಮೇಲೆ ಮುಂದಿನ ಮುಚ್ಚಳ ತೆಗೆದು ಬಟ್ಟೆ ಬಿಚ್ಚಿ ಟಾಂಕೊನ ಅಂಗೈ ಮೇಲೆ ಇಟ್ಟಳು. ಅದು ಬಟ್ಟೆಯ ಹಾಗಿರಲಿಲ್ಲ, ಸುಟ್ಟ ರೊಟ್ಟಿಯ ಹಾಗೆ ದಪ್ಪಗಾಗಿತ್ತು.

"ಇದನ್ನ ಶುಕ್ರವಾರ ತೊಳೀಬೇಕು ಅಂತ ಎರಡ್ಸಲ ಹೇಳಿಕಳ್ಸಿದ್ದೆ," ಅಂದಳು.

ಟಾಂಕೊ ಜಗಿಯುವುದನ್ನು ನಿಲ್ಲಿಸಿದ. "ಅಯ್ಯೋ ಅಕ್ಕಾ, ಆ ಸಾಂಡಾ ಬಂದು, ಲೇ ಆಳೇ, ಮುಸುಕು ತೊಳಿ, ಅಂದ. ಕಾನೊದವನು ಹಾಗಂದ್ರೆ ನಾನು ಏನಂತ ತಿಳ್ಕೊಳ್ಲಿ? ನಾನೂ ನಾಲ್ಕು ಅಂದು ಕಳಿಸ್ದೆ. ನಿಮ್ಮೂರಿನವ್ರು ಯಾವ ಮಾತು ನಿಜವಾಗಿ ಹೇಳ್ತಾರೆ, ಯಾವುದು ತಮಾಷೆಗೆ ಹೇಳ್ತಾರೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಮಾಲಂ?"

ಪ್ರಶ್ನೆ ಹಬುವಿಗೆ. ಏನಾದರೊಂದು ತಮಾಷೆ ಹೇಳಿ ನಗಿಸಿ ಜಾರಿಕೊಳ್ಳಬಹುದಿತ್ತು. ಆದರೆ ಇವತ್ತು ನಗಿಸಿದರೆ ಮುಂದಿನ ಶುಕ್ರವಾರವೂ ಬಟ್ಟೆ ತೊಳೆಯುವುದಿಲ್ಲ, ಯಂತ್ರ ಮತ್ತೆ ಸಾಯುತ್ತದೆ. ಅವನು ನಿಲುವಂಗಿ ಸರಿಮಾಡಿಕೊಂಡು ನೆಟ್ಟಗೆ ಕೂತ.

"ಟಾಂಕೊ, ಇದು ತಮಾಷೆ ಅಲ್ಲ, ಕೇಳು. ನಂಗೆ ಕಣ್ಣು ಕಾಣಲ್ಲ. ಏಳು ವರ್ಷ ಆಯ್ತು. ನಿನ್ನ ಐದೂ ಯಂತ್ರ ರಿಪೇರಿ ಮಾಡಿದ್ದು ನಾನಲ್ಲ, ಇವಳು. ಇವಳು ಹೇಳಿಕಳ್ಸಿದ ಮಾತು ಯಾರ ಬಾಯಿಂದ ಬಂದ್ರೂ ತಮಾಷೆ ಅಂತ ತಿಳೀಬೇಡ."

ಹೇಳಿ ಮುಗಿಸಿ ಅವನು ಕಾದ. ಉಸಿರೆಳೆದುಕೊಳ್ಳುತ್ತಾರೆ, ಅಯ್ಯೋ ಪಾಪ ಅನ್ನುತ್ತಾರೆ, ಯಾರೋ ಎದ್ದು ಬಂದು ಕೈ ಹಿಡಿಯುತ್ತಾರೆ. ಅದನ್ನೆಲ್ಲ ತಾಳಿಕೊಳ್ಳಲು ಅವನು ಸಿದ್ಧನಾಗಿದ್ದ.

"ಅದು ಗೊತ್ತಿರೋದೇ ಮಾಲಂ," ಅಂದ ಟಾಂಕೊ. "ಈ ಬಟ್ಟೇನ ಸೋಪ್ ಹಾಕಿ ತೊಳೀಬೇಕಾ, ಬರೀ ನೀರಲ್ಲಾ?"

"ಏನು ಗೊತ್ತಿರೋದು?"

ಟಾಂಕೊ ಲಾರೈಯ ಕಡೆ ನೋಡಿದ. ಅವಳು ಪೆಟ್ಟಿಗೆಯ ತಿರುಪಿನ ಕಡೆ ನೋಡಿದಳು.

"ಕಣ್ಣಿನ ವಿಷ್ಯ ಮಾಲಂ. ಎಲ್ಲಾರ್ಗೂ ಗೊತ್ತು. ನಿಮ್ಮ ಹತ್ರ ಹೋಗು ಅಂತ ನಂಗೆ ಹೇಳಿದವ್ರೇ, ಅವ್ರಿಗೆ ಕಣ್ಣಿಲ್ಲ, ಕಿವಿ ಇದೆ, ಒಳಗೆ ಹೆಂಡ್ತಿ ಇದಾಳೆ, ಇಬ್ರೂ ಸೇರಿದ್ರೆ ಮಾರ್ಕೆಟ್ಟಲ್ಲಿ ಅಂಥ ರಿಪೇರಿ ಸಿಗಲ್ಲ ಅಂದಿದ್ರು." ಆಮೇಲೆ ತಾನು ಹೇಳಬಾರದ್ದೇನಾದರೂ ಹೇಳಿದೆನೋ ಎಂಬಂತೆ ದನಿ ತಗ್ಗಿಸಿದ. "ನಂಗೆ ಬೇಜಾರಾಗಿದ್ದು ಯಂತ್ರ ಕೆಟ್ಟಿದ್ದಕ್ಕೆ ಮಾಲಂ, ಅಷ್ಟೇ."

"ಬರೀ ನೀರು ಸಾಕು," ಅಂದಳು ಲಾರೈ. "ನೆರಳಲ್ಲಿ ಒಣಗಿಸಿ. ಇನ್ನೊಂದು ಜೊತೆ ಕೊಡ್ತೀನಿ, ಒಂದು ಒಗೆದಾಗ ಇನ್ನೊಂದು ಹಾಕಿ." ಹೊಸ ಬಟ್ಟೆ ಬಿಗಿದು ಯಂತ್ರ ಓಡಿಸಿದಳು. ಹೊಗೆ ಹಿಡಿದಳು, ಆಚೆ ಓಡಿತು. ಮೂಲೆಯವನು ಈ ಸಲ ಮಾತಾಡದೆ ಹತ್ತಿರ ಬಂದು ನೋಡಿದ.

ಹಬು ಕಿವಿಯಿಟ್ಟು ಕೇಳಬೇಕಿತ್ತು, ಕೇಳಲಿಲ್ಲ. ಏಳು ವರ್ಷ ಗಿರಾಕಿಗಳೆದುರು ತಿರುಪನ್ನು ಬೆಳಕಿಗೆ ಹಿಡಿದು ನೋಡಿದಂತೆ ಮಾಡಿದ್ದ. ಗೋಡೆಯ ಗಡಿಯಾರದ ಕಡೆ ಕತ್ತು ತಿರುಗಿಸಿ ಹೊತ್ತಾಯ್ತು ಅಂದಿದ್ದ. ಹೊಸ ಅಂಗಿ ಹಾಕಿಬಂದವರಿಗೆ ಬಣ್ಣ ಒಪ್ಪುತ್ತೆ ಎಂದೂ ಅಂದಿದ್ದ. ಅವರೆಲ್ಲ ಹೌದು ಮಾಲಂ, ಹೌದು ಮಾಲಂ ಅನ್ನುತ್ತಿದ್ದರು. ನಾಚಿಕೆಯಾಯಿತು, ಅದರ ಬೆನ್ನಿಗೇ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಹಿಂದಿರುಗುವಾಗ ಗಾಳಿ ಎದುರಿನಿಂದ ಬೀಸುತ್ತಿತ್ತು. ಅಗೆದ ಗುಂಡಿಯ ಹತ್ತಿರ ಲಾರೈ, "ಇಲ್ಲಿ ಹೆಜ್ಜೆ ದೊಡ್ದಾಗಿ ಇಡಿ," ಅಂದಳು. ಅವನು ದಾಟಿದ. ದಾಟಿದವನು ಅಲ್ಲೇ ನಿಂತ.

"ನಿಂಗೆ ಗೊತ್ತಿತ್ತಾ, ಅವ್ರಿಗೆಲ್ಲ ಗೊತ್ತಿದೆ ಅಂತ?"

"ಗೊತ್ತಿತ್ತು."

"ಎಷ್ಟು ದಿನದಿಂದ?"

"ಮೊದಲ್ನೇ ವರ್ಷದಿಂದ. ಹೆಂಗಸ್ರು ನಾಮಕರಣಕ್ಕೆ ಮದುವೆಗೆ ಹೋದಲ್ಲೆಲ್ಲ, ಮಾಲಂ ಕಣ್ಣು ಹೇಗಿದೆ ಅಂತ ಕೇಳ್ತಿದ್ರು."

"ಏಳು ವರ್ಷ ನಾನು ಊರ ಮುಂದೆ ನಾಟಕ ಆಡಿದ್ದೀನಿ ಲಾರೈ. ಎಲ್ರೂ ಕೂತ್ಕೊಂಡು ನೋಡಿದಾರೆ. ಒಂದು ಮಾತು ಹೇಳಬಾರ್ದಾಗಿತ್ತಾ?"

ಅವಳು ಹೆಗಲ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು.

"ಹೇಳಿದ್ರೆ ಮಾರನೇ ದಿನ ಎದ್ದು ಬಂದು ಬಾಗಿಲಕೋಣೇಲಿ ಕೂತ್ಕೊಳ್ತಿದ್ರಾ ಮಾಲಂ?"

ಹಬುವಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಇಲ್ಲ," ಅಂದ.